ಕಂಪ್ಯೂಟರ್ ಮಾತಾಡಬಾರದು

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಬಾಗಿಲು ಮುಚ್ಚಿದರೆ ಸಾಕು, ಯಾವ ಸಿಮ್ಮಾದರೂ ಸತ್ತ ಹಾಗೆ. ಇದು ಇಲ್ಲಿ ಎಲ್ಲರಿಗೂ ಗೊತ್ತು, ಹೊಸದಾಗಿ ಬಂದವರನ್ನು ಬಿಟ್ಟು. ಕಳೆದ ತಿಂಗಳು ಎದುರು ಫ್ಲ್ಯಾಟಿಗೆ ಬಂದ ಹುಡುಗಿ ಮೊನ್ನೆ ಸಂಜೆ ನನ್ನ ಜೊತೆಗೇ ಲಿಫ್ಟು ಹತ್ತಿದಳು. ಹೆಗಲಲ್ಲಿ ಲ್ಯಾಪ್‌ಟಾಪಿನ ಚೀಲ, ಕಿವಿಗೆ ಫೋನು. 'ಹೂಂ ಕಣೇ, ಊಟ ಆಯ್ತು. ಅಯ್ಯೋ ಇಲ್ಲಪ್ಪ, ಇಲ್ಲಿ ತುಂಬಾ ಜನ ಫ್ರೆಂಡ್ಸ್ ಇದ್ದಾರೆ' ಎಂದು ಐದು ಮಹಡಿಯುದ್ದಕ್ಕೂ ಕನ್ನಡದಲ್ಲಿ ಮಾತಾಡಿದಳು, ನಡುನಡುವೆ ನಕ್ಕಳು ಕೂಡ. ನಾನು ಗೋಡೆ ನೋಡುತ್ತ ನಿಂತೆ. ಆ ಕಡೆ ಯಾರೂ ಇಲ್ಲವೆಂದು ತಿಳಿಯಲು ನನಗೆ ಸಿಗ್ನಲ್ಲಿನ ಲೆಕ್ಕವೂ ಬೇಕಿರಲಿಲ್ಲ. ಅದೇ ಮಾತನ್ನು ಇದೇ ಹೈದರಾಬಾದಿನಲ್ಲಿ ನಾನು ಸುಮಾರು ಎರಡು ವರ್ಷ ಆಡಿದ್ದೇನೆ.

ನಿಮ್ಮ ಹತ್ತಿರ ಮುಚ್ಚುಮರೆ ಏನು, ಹೇಳಿಬಿಡುತ್ತೇನೆ. ನಾನು ಮೈಸೂರಿನಿಂದ ಇಲ್ಲಿಗೆ ಬಂದಾಗ ಪರದೆಯನ್ನೇ ಬೆರಳಿನಿಂದ ಒತ್ತುವ ಫೋನುಗಳು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದವು. ಹಾದಿಗೊಂದು ಬೀದಿಗೊಂದು ಸಾಫ್ಟ್‌ವೇರ್ ಕಂಪನಿ ಹುಟ್ಟುತ್ತಿತ್ತು. ನನ್ನ ಆಫೀಸು ಉಪ್ಪಲ್ಲಿನಲ್ಲಿ, ಬಾಡಿಗೆ ಕೋಣೆ ಮಲ್ಕಾಜ್‌ಗಿರಿಯ ಒಂದು ಮನೆಯ ಮಾಳಿಗೆಯ ಮೇಲೆ. ಆಫೀಸಿನವರು ಒಳ್ಳೆಯವರೇ. ಊಟದ ಹೊತ್ತಿಗೆ ನನಗಾಗಿ ಎರಡು ನಿಮಿಷ ಹಿಂದಿಯಲ್ಲಿ ಮಾತಾಡುತ್ತಿದ್ದರು, ಆಮೇಲೆ ಮಾತು ತಾನಾಗಿ ತೆಲುಗಿಗೆ ಜಾರುತ್ತಿತ್ತು. ನಾನು ಎಲ್ಲರೂ ನಕ್ಕಾಗ ಒಂದು ಕ್ಷಣ ತಡವಾಗಿ ನಗುತ್ತಿದ್ದೆ. ಕಾಲೇಜಿನಲ್ಲಿ ಬಿಹಾರದ ಹುಡುಗಿಯೊಬ್ಬಳಿಗೆ ನಾವೂ ಇದನ್ನೇ ಮಾಡಿದ್ದೆವು. ಅವಳ ಮುಖ ನನಗೆ ನೆನಪಾದದ್ದು ಆಗಲೇ. ಸಂಜೆ ಬೀದಿಯಲ್ಲಿ ಒಂಟಿಯಾಗಿ ನಡೆಯುವಾಗ ಅಕ್ಕಪಕ್ಕದವರು ಅಯ್ಯೋ ಪಾಪ ಅನ್ನದಿರಲಿ ಎಂದು ಫೋನನ್ನು ಕಿವಿಗೆ ಹಿಡಿದು ಮಾತು ಶುರು ಮಾಡಿಕೊಂಡೆ. ಶುರುವಿನಲ್ಲಿ ನಾಟಕ, ಆಮೇಲೆ ಅಭ್ಯಾಸ. ಕನ್ನಡ ಮರೆಯದಿರಲು ಒಂದು ದಾರಿಯಾಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಕೆಳಗಿನ ಮನೆಯ ಯಜಮಾನರು ಶರಣಪ್ಪ. ರಾಯಚೂರಿನ ಕಡೆಯವರು, ಸಿಕಂದರಾಬಾದ್ ಸ್ಟೇಷನ್ನಿನ ರಿಸರ್ವೇಶನ್ ಕೌಂಟರಿನಲ್ಲಿ ಮೂವತ್ತು ವರ್ಷ ಕೂತು ನಿವೃತ್ತರಾದವರು. ಮೊದಲ ದಿನ ಅಂಕಲ್ ಅಂದೆ. 'ಅಂಕಲ್ ಅಂದ್ರ ಯಾರೋ ಅನಸ್ತೈತಿ. ಕಾಕಾ ಅನ್ನವ್ವ' ಎಂದರು. ಅವರ ಹೆಂಡತಿ ಹಾಗಾಗಿ ಕಾಕು ಆದರು. ಅವರ ಬಾಗಿಲು ಹಗಲೆಲ್ಲ ಅರ್ಧ ತೆರೆದೇ ಇರುತ್ತಿತ್ತು. ಮೆಟ್ಟಿಲು ಹತ್ತುವಾಗ ಒಳಗಿನಿಂದ 'ಬಂದೇನವ್ವ? ರೊಟ್ಟಿ ಬಿಸಿ ಅದಾವ ನೋಡು' ಎಂಬ ದನಿ ಬರುತ್ತಿತ್ತು. ಅವರ ಕನ್ನಡ ನನಗೆ ಕಾಲುಭಾಗ ತಿಳಿಯುತ್ತಿರಲಿಲ್ಲ, ನನ್ನದು ಅವರಿಗೆ ನಗು ತರಿಸುತ್ತಿತ್ತು. ಆದರೂ ಆ ಊರಿನಲ್ಲಿ ನನಗೆ ಉತ್ತರ ಕೊಡುವ ಕನ್ನಡವೆಂದರೆ ಅದೊಂದೇ. ಕಾಕಾ ಯಾವ ಊರಿನ ಹೆಸರು ಹೇಳಿದರೂ ಅಲ್ಲಿಗೆ ಹೋಗುವ ಗಾಡಿಯ ನಂಬರನ್ನು ಕಣ್ಣು ಮಿಟುಕಿಸದೆ ಹೇಳುತ್ತಿದ್ದರು. ಕಾಕುಗೆ ಅದು ಕೇಳಿ ಕೇಳಿ ಸಾಕಾಗಿತ್ತು, ನನಗೆ ಮಾತ್ರ ಸಾಕಾಗಿರಲಿಲ್ಲ.

ಉಳಿದದ್ದು ಶನಿವಾರ. ರಜೆಯ ದಿನ ಏನು ಮಾಡುವುದೆಂದು ತೋಚದೆ ಊರಿನ ಆ ತುದಿಯಲ್ಲಿ ನಡೆಯುತ್ತಿದ್ದ ಸಾಫ್ಟ್‌ವೇರ್‌ನವರ ಸಭೆಗಳಿಗೆ ಹೋಗತೊಡಗಿದೆ. ಯಾರದೋ ಕಂಪನಿ ಜಾಗ ಕೊಡುತ್ತಿತ್ತು, ಇನ್ಯಾರೋ ಸಮೋಸ ತರಿಸುತ್ತಿದ್ದರು. ಬಂದವರು ತಮಗೆ ತಿಳಿದದ್ದನ್ನು ಹೇಳಿಕೊಡುತ್ತಿದ್ದರು. ಬಾಗಿಲಲ್ಲಿ ಒಂದು ಪೆನ್ನು, ಅಂಟುವ ಹಳದಿ ಚೀಟಿಗಳ ಒಂದು ಕಟ್ಟು, ಎದೆಗೆ ಹೆಸರಿನ ಸ್ಟಿಕ್ಕರು. ನಾನು ಹೋದದ್ದು ಜ್ಞಾನಕ್ಕೆ ಅಂದರೆ ಸುಳ್ಳಾಗುತ್ತದೆ. ಸ್ಟಿಕ್ಕರು ನೋಡಿಯಾದರೂ ಯಾರೋ ನನ್ನ ಹೆಸರು ಹಿಡಿದು ಕರೆಯುತ್ತಿದ್ದರಲ್ಲ, ಅದಕ್ಕೆ ಹೋದೆ.

ಆದರೆ ಕಲಿತದ್ದೂ ಅಲ್ಲೇ. ನಾಲ್ಕು ವರ್ಷದ ಕಾಲೇಜಿನಲ್ಲಿ, ನಾವು ಮಾಡಿದ್ದನ್ನು ಬಳಸುವವನೊಬ್ಬ ಮನುಷ್ಯ ಇರುತ್ತಾನೆ ಎಂದು ಯಾರೂ ಹೇಳಿರಲಿಲ್ಲ. ಇಲ್ಲಿ ಒಂದು ಸಾಲು ಪ್ರೋಗ್ರಾಮ್ ಬರೆಯುವ ಮೊದಲು ಫೋನಿನ ಪರದೆಗಳನ್ನು ಕಾಗದದ ಮೇಲೆ ಬಿಡಿಸುತ್ತಿದ್ದೆವು. ಹೊರಗಿನವರೊಬ್ಬರನ್ನು ಕೂರಿಸಿ, ಇದು ನಿಜವಾದ ಫೋನು ಅಂದುಕೊಂಡು ಒತ್ತಿ ಎನ್ನುತ್ತಿದ್ದೆವು. ಅವರು ಕಾಗದದ ಗುಂಡಿ ಒತ್ತಿದರೆ ನಮ್ಮಲ್ಲೊಬ್ಬರು ಆ ಕಾಗದ ತೆಗೆದು ಮುಂದಿನದನ್ನು ಇಡಬೇಕು. ಆ ಒಬ್ಬರಿಗೆ ಕಂಪ್ಯೂಟರ್ ಎಂದೇ ಹೆಸರು. ಕಂಪ್ಯೂಟರ್ ಮಾತಾಡಬಾರದು, ಸುಳಿವು ಕೊಡಬಾರದು, ಮುಖದಲ್ಲೂ ಏನೂ ತೋರಿಸಬಾರದು. ಒತ್ತುವವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಪರದೆ ಕೆಟ್ಟಿದೆ ಎಂದು ಅರ್ಥ. ಸಭೆ ನಡೆಸುವ ತೆಲುಗಿನ ಹೆಂಗಸು ಪ್ರತಿ ಸಲ ಹೇಳುತ್ತಿದ್ದ ಮಾತೊಂದಿತ್ತು: ತಪ್ಪು ಮನುಷ್ಯರದ್ದಲ್ಲ, ಯಾವಾಗಲೂ ಪರದೆಯದ್ದು. ಮಾತಾಡದೆ ಕೂರುವ ಕೆಲಸಕ್ಕೆ ನನ್ನಷ್ಟು ಯೋಗ್ಯರು ಇನ್ಯಾರು? ವಾರವಾರ ನನ್ನನ್ನೇ ಆರಿಸಿದರು. ಕಂಪ್ಯೂಟರ್ ಓದಿ ಕಂಪ್ಯೂಟರೇ ಆದೆನಲ್ಲ ಎಂದು ಕಾಕುಗೆ ಹೇಳಿ ನಗಿಸಿದ್ದೆ.

ಒಂದು ಶನಿವಾರಕ್ಕೆ ರೈಲು ಟಿಕೆಟ್ ಕಾಯ್ದಿರಿಸುವ ಪರದೆ ಬಿಡಿಸಿದ್ದೆವು. ಒತ್ತಲು ಯಾರನ್ನು ಕರೆಯೋಣ ಎಂದಾಗ ನಾನು ಎಂದೂ ಇಲ್ಲದ ಹಾಗೆ ಬಾಯಿಬಿಟ್ಟೆ, ನಮ್ಮ ಕಾಕಾ ಇದ್ದಾರೆ ಎಂದೆ. ಅವರಿಗಿಂತ ಟಿಕೆಟ್ ಬಲ್ಲವರು ಯಾರು ಎಂಬುದು ಹೊರಗಿನ ಕಾರಣ. ನನಗೂ ಒಬ್ಬರಿದ್ದಾರೆ ಎಂದು ಅಲ್ಲಿದ್ದವರಿಗೆ ತೋರಿಸಬೇಕಿತ್ತು, ಅದು ಒಳಗಿನದು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಜೇಬಿಗೆ ಪೆನ್ನು ಸಿಕ್ಕಿಸಿ ಹೊರಟರು. ಸಿಕಂದರಾಬಾದಿನಿಂದ ಲೋಕಲ್ ರೈಲು ಹಿಡಿದೆವು. ದಾರಿಯುದ್ದಕ್ಕೂ ಒಂದೊಂದು ಸಿಗ್ನಲ್ ಕಂಬದ ಕಥೆ ಹೇಳಿದರು. ಅಷ್ಟು ಸಂತೋಷವಾಗಿ ನಾನು ಆ ರೈಲಿನಲ್ಲಿ ಹೋದದ್ದು ಅದೊಂದೇ ಸಲ.

'ಕೂರ್ಚೋಂಡಿ ಅಂಕಲ್' ಎಂದು ತೆಲುಗಿನ ಹೆಂಗಸು ಮರ್ಯಾದೆಯಿಂದ ಕೂರಿಸಿದರು. ನಾನು ಎದುರು ಕೂತು ಮೊದಲ ಕಾಗದ ಇಟ್ಟೆ. ಸುತ್ತ ಹತ್ತು ಜನ ಚೀಟಿ ಪೆನ್ನು ಹಿಡಿದು ನಿಂತರು. ಎಲ್ಲಿಂದ, ಎಲ್ಲಿಗೆ ಎಂಬ ಎರಡು ಚೌಕ, ಕೆಳಗೊಂದು ಗುಂಡಿ. ಕಾಕಾ ಕನ್ನಡಕ ಸರಿಮಾಡಿಕೊಂಡು ಕಾಗದವನ್ನು ಮೇಲಿನಿಂದ ಕೆಳಗೆ ನೋಡಿದರು. ಮೂವತ್ತು ವರ್ಷ ಅವರ ಕೈಗೆ ಬಂದ ಫಾರಮ್ಮಿನಲ್ಲಿ ಗಾಡಿ ನಂಬರ್ ಮೇಲೆಯೇ ಇರುತ್ತಿತ್ತು.

'ಗಾಡಿ ನಂಬರ್ ಎಲ್ಲಿ ಬರೀಬೇಕವ್ವ?' ಎಂದರು.

ಕಂಪ್ಯೂಟರ್ ಮಾತಾಡಲಿಲ್ಲ.

ಬೆರಳು ಗುಂಡಿಯ ಮೇಲೆ ಗಾಳಿಯಲ್ಲೇ ನಿಂತಿತು. 'ಇದನ್ನ ಒತ್ತಲೇನು? ನಂಬರ್ ಇಲ್ಲದ ಒತ್ತಿದ್ರ ತಪ್ಪು ಗಾಡಿ ಆಗತೈತಿ.' ಮೂರನೆಯ ಸಲ ಅವರು ಕಾಗದ ಬಿಟ್ಟು ನನ್ನ ಮುಖವನ್ನೇ ನೋಡಿದರು. 'ಯಾಕವ್ವ, ಮಾತಾಡವಲ್ಲಿ? ನಾ ಏನರ ತಪ್ಪು ಮಾಡಿದೆನೇನು?' ಅಲ್ಲಿದ್ದವರಲ್ಲಿ ಆ ಮಾತು ಅರ್ಥವಾಗಿದ್ದು ನನಗೊಬ್ಬಳಿಗೆ. ಯಾರೋ ಹಿಂದೆ ಮೆಲ್ಲನೆ ನಕ್ಕರು. ಕರೆದುಕೊಂಡು ಬಂದವಳು ನಾನು ಎಂದು ಎಲ್ಲರಿಗೂ ಗೊತ್ತಲ್ಲ ಎನ್ನಿಸಿ ನಾಚಿಕೆಯಾಯಿತು. ಬರೆಯಲು ನನಗೇ ಸಂಕಟವಾಗುತ್ತದೆ, ಆದರೂ ನಾಚಿಕೆಯಾದದ್ದು ನಿಜ.

ಮುಗಿದ ಮೇಲೆ ಕಂಡದ್ದನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುವುದು ಪದ್ಧತಿ. ಪರದೆಯಲ್ಲಿ ಗಾಡಿ ನಂಬರಿಗೆ ಜಾಗವಿಲ್ಲ ಎಂದು ನಾನು ಬರೆಯಬೇಕಿತ್ತು. ಬರೆದದ್ದು ಬೇರೆ. ಇಂಗ್ಲಿಷಿನಲ್ಲಿ, ದೊಡ್ಡಕ್ಷರದಲ್ಲಿ ಮೂರು ಚೀಟಿ ಬರೆದೆ: ಒತ್ತಲು ಹೆದರುತ್ತಾರೆ. ಪಕ್ಕದವರ ಮುಖ ನೋಡುತ್ತಾರೆ. ಒಬ್ಬರೇ ಬಳಸಲಾರರು. ಚಹಾ ತರಲು ಹೋಗಿ ತಿರುಗಿ ಬಂದಾಗ ಕಾಕಾ ಗೋಡೆಯ ಮುಂದೆ ನಿಂತಿದ್ದರು. ರೈಲಿನ ಡಬ್ಬಿಗೆ ಅಂಟಿಸಿದ ಪಟ್ಟಿಯಲ್ಲಿ ಹೆಸರು ಹುಡುಕುವವರಂತೆ ಕನ್ನಡಕ ಎತ್ತಿ ಒಂದೊಂದೇ ಚೀಟಿ ಓದುತ್ತಿದ್ದರು. ಆಯಾ ವಾರ ತರಬೇಕಾದ ಸಾಮಾನನ್ನು ಕಾಕು ಹೇಳಿದ ಹಾಗೆ, ಅಂಗಡಿಯವರು ಓದಲೆಂದು ಇದೇ ದೊಡ್ಡಕ್ಷರದ ಇಂಗ್ಲಿಷಿನಲ್ಲಿ ನಾನು ಎಷ್ಟೋ ಸಲ ಬರೆದುಕೊಟ್ಟಿದ್ದೆ. ನನ್ನ ಅಕ್ಷರ ಅವರಿಗೆ ಗೊತ್ತಿತ್ತು.

ಹಿಂದಿರುಗುವ ರೈಲಿನಲ್ಲಿ ಸಿಗ್ನಲ್ ಕಂಬಗಳ ಕಥೆ ಬರಲಿಲ್ಲ. ಸಿಕಂದರಾಬಾದ್ ಹತ್ತಿರವಾದಾಗ ಕಿಟಕಿಯ ಕಡೆ ನೋಡುತ್ತ ಒಂದು ಮಾತಾಡಿದರು. 'ಕೌಂಟರಿನ್ಯಾಗ ಕುಂತಾಗ ಭಾಳ ಮಂದಿ ಫಾರಂ ತಪ್ಪು ತುಂಬಿ ತರತಿದ್ರು. ನಾನ ಪೆನ್ನು ತಗೊಂಡು ತುಂಬಿ ಕೊಡತಿದ್ದೆ. ಅದು ರೂಲಿನ್ಯಾಗ ಇದ್ದಿಲ್ಲವ್ವ.' ಕ್ಷಮಿಸಿ ಕಾಕಾ ಅನ್ನಲು ಎಷ್ಟು ಹೊತ್ತು ಬೇಕು ಹೇಳಿ? ಮಲ್ಕಾಜ್‌ಗಿರಿ ಮುಟ್ಟುವವರೆಗೂ ಆಗಲಿಲ್ಲ.

ಮರುದಿನದಿಂದ ಕೆಳಗಿನ ಬಾಗಿಲು ಮುಚ್ಚಿತ್ತು. ಚಳಿ ಶುರುವಾಗಿತ್ತು, ಬಹುಶಃ ಅದಕ್ಕೇ ಇರಬಹುದು. ಹೌದೇ ಎಂದು ನಾನು ಕೇಳಲಿಲ್ಲ. ನನ್ನಿಂದಾಗಿಯೇ ಎಂದು ನಂಬಿ, ಕಳ್ಳಬೆಕ್ಕಿನ ಹಾಗೆ ಮೆಟ್ಟಿಲು ಹತ್ತತೊಡಗಿದೆ. ಕ್ಷಮೆ ಕೇಳಬೇಕೆಂದು ಮೂರು ಸಲ ಆ ಬಾಗಿಲವರೆಗೆ ಹೋಗಿ, ಬೆಲ್ಲಿನ ಹತ್ತಿರ ಬೆರಳು ಒಯ್ದು, ಹಿಂದಕ್ಕೆ ಬಂದೆ. ಫೋನಿನ ಮಾತು ಹೆಚ್ಚಾಯಿತು. ಒಂದು ಸಂಜೆ ಇಲ್ಲದ ಗೆಳತಿಗೆ 'ಚೆನ್ನಾಗಿದ್ದೀನಿ ಕಣೇ' ಎಂದು ಜೋರಾಗಿ ಹೇಳುತ್ತ ಹತ್ತುವಾಗ, ಕಿವಿಗಿಟ್ಟ ಫೋನೇ ಟ್ರಿಣ್ ಎಂದು ರಿಂಗಾಯಿತು. ಕೆಳಗೆ ತುಳಸಿಗೆ ನೀರು ಹಾಕುತ್ತಿದ್ದ ಕಾಕಾ ತಲೆಯೆತ್ತಲಿಲ್ಲ. ಕೇಳಿಸಿಲ್ಲ ಅಂದುಕೊಂಡೆ. ಶನಿವಾರದ ಸಭೆಗೂ ಹೋಗುವುದು ಬಿಟ್ಟೆ. ಬ್ರೆಡ್ಡು, ಮೊಸರು, ನಾಲ್ಕು ಗೋಡೆ, ಮೂರು ವಾರ. ಆ ಮೂರು ವಾರದಷ್ಟು ಒಂಟಿತನ ಆಮೇಲೆ ನನಗೆ ಎಂದೂ ಬರಲಿಲ್ಲ.

ನಾಲ್ಕನೆಯ ಭಾನುವಾರ ಬೆಳಿಗ್ಗೆ ನನ್ನ ಬಾಗಿಲಿನ ಮೇಲೆ ಹಳದಿ ಚೀಟಿಗಳಿದ್ದವು. ಸಭೆಯಲ್ಲಿ ಅವರಿಗೂ ಒಂದು ಕಟ್ಟು ಕೊಟ್ಟಿದ್ದರಲ್ಲ, ಅದರವು. ಮೂವತ್ತು ವರ್ಷ ಕಾರ್ಬನ್ ಹಾಳೆಯ ಮೇಲೆ ಬರೆದು ಪಳಗಿದ ಕೈ, ಒತ್ತಿ ಬರೆದ ಕನ್ನಡ.

ಮೂರು ಸಲ ಬಾಗಲತನ ಬಂದಳು, ಬೆಲ್ಲು ಒತ್ತಾಕ ಹೆದರತಾಳ.

ಫೋನಿನ್ಯಾಗ ಮಾತಾಡತಾಳ, ಆ ಕಡೆ ಯಾರೂ ಇರಂಗಿಲ್ಲ.

ಒಬ್ಬಾಕಿನ ಉಣ್ಣತಾಳ.

ನಾಲ್ಕನೆಯದು ಸ್ವಲ್ಪ ಕೆಳಗಿತ್ತು: ತಪ್ಪು ಆಕೀದಲ್ಲ, ಬಾಗಲದ್ದು. ಇವತ್ತಿನಿಂದ ತೆರದ ಇರತೈತಿ.

ಮೆಟ್ಟಿಲ ಮೇಲೇ ಕೂತು ಅತ್ತೆ. ಅಷ್ಟು ದಿನ ನನ್ನನ್ನು ಯಾರೂ ನೋಡುತ್ತಿಲ್ಲ ಎಂದುಕೊಂಡಿದ್ದೆ. ಕೆಳಗಿಳಿದರೆ ಬಾಗಿಲು ಗೋಡೆಗೆ ತಾಗುವಷ್ಟು ತೆರೆದಿತ್ತು. ತಪ್ಪಾಯ್ತು ಕಾಕಾ ಎಂದು ನಾನು ಶುರು ಮಾಡುವಷ್ಟರಲ್ಲಿ ಅವರು ಪೇಪರಿನಿಂದ ತಲೆ ಎತ್ತದೆ ಒಳಗೆ ಕೂಗಿದರು, 'ಕೇಳಿದೇನ, ಕಂಪ್ಯೂಟರ್ ಬಾಯಿ ಬಿಡ್ತು. ಒಂದು ತಾಟು ಹೆಚ್ಚಿಗಿ ಇಡು.'

ಮುಂದೆ ಅವರು ಮಗಳ ಹತ್ತಿರ ರಾಯಚೂರಿಗೆ ಹೋದರು. ಕಾಕಾ ಈಗಿಲ್ಲ. ನಾನು ಅದೇ ಕೆಲಸದಲ್ಲಿದ್ದೇನೆ, ಈಗ ಹತ್ತು ಜನಕ್ಕೆ ಕಲಿಸುತ್ತೇನೆ ಕೂಡ. ಕಂಪ್ಯೂಟರ್ ಮಾತಾಡಬಾರದು ಎಂಬ ನಿಯಮವನ್ನು ಇಂದಿಗೂ ಪಾಲಿಸುತ್ತೇನೆ, ಅದು ಒಳ್ಳೆಯ ನಿಯಮವೇ. ಆದರೆ ಚೀಟಿ ಗೋಡೆಗೆ ಹೋಗುವ ಮೊದಲು ಯಾರ ಬಗ್ಗೆ ಬರೆದಿದೆಯೋ ಬರೆದವರೇ ಅವರ ಪಕ್ಕ ಕೂತು ಓದಿ ಹೇಳುವಂತೆ ಮಾಡುತ್ತೇನೆ. ಹಾಗೆ ಮಾಡತೊಡಗಿದ ಮೇಲೆ ಹುಡುಗರು ಮನುಷ್ಯರ ಬಗ್ಗೆ ಬರೆಯುವುದು ಬಿಟ್ಟು ಪರದೆಯ ಬಗ್ಗೆ ಬರೆಯುತ್ತಾರೆ.

ಇವತ್ತು ಸಂಜೆ ರೊಟ್ಟಿ ಮಾಡಿದೆ. ಕಾಕು ಎಷ್ಟು ಕಲಿಸಿದರೂ ನನ್ನದು ದುಂಡಗಾಗುವುದಿಲ್ಲ. ಎದುರು ಫ್ಲ್ಯಾಟಿನ ಮುಂದೆ ಹೋಗಿ ನಿಂತೆ. ಈ ವಯಸ್ಸಿನಲ್ಲೂ ಬೆರಳು ಒಂದು ಗಳಿಗೆ ಗಾಳಿಯಲ್ಲೇ ಇತ್ತು, ಆಮೇಲೆ ಬೆಲ್ಲು ಒತ್ತಿದೆ. ಹುಡುಗಿ ಬಾಗಿಲು ತೆರೆದಳು, ಕಿವಿಗೆ ಫೋನು ಇದ್ದೇ ಇತ್ತು.

'ಎದುರು ಮನೆಯವಳಮ್ಮ. ರೊಟ್ಟಿ ಮಾಡಿದ್ದೀನಿ, ಬಾ' ಎಂದೆ.

ಅವಳು ನನ್ನ ಮುಖ ನೋಡಿದಳು. 'ಸರಿ ಕಣೇ, ಆಮೇಲೆ ಮಾಡ್ತೀನಿ' ಎಂದು ಫೋನಿಗೆ ಹೇಳಿದಳು. ಆ ಕಡೆಯವರಿಗೆ ಬೇಜಾರಾಗಬಾರದಲ್ಲ, ಅವಳು ಇಡುವವರೆಗೂ ನಾನು ಸುಮ್ಮನೆ ಕಾದೆ.