ದುಂಡು ಗದ್ದೆಯ ಮೂಲೆ

ಮಾಸ್ತರರ ಬಲಗೈಯ ಅಂಚು ಎಮ್ಮೆ ಚರ್ಮದಂತೆ ದಡ್ಡುಗಟ್ಟಿತ್ತು. ಮೇಜು ಗುದ್ದಿ ಗುದ್ದಿ ಆದ ದಡ್ಡು ಅದು.

ತೊಂಬತ್ತರ ದಶಕದಲ್ಲಿ ನನ್ನ ಗಂಡ ಅಹಮದಾಬಾದಿನಲ್ಲಿ ಉಡುಪಿ ಹೋಟೆಲ್ ನಡೆಸುತ್ತಿದ್ದರು. ನಮ್ಮ ಮನೆಗೆ ಅಂಟಿಕೊಂಡ ಕೋಣೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ ಸೇರಿದ್ದು. ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ಇಬ್ಬರು ಮುದುಕರ ಕೂಗಾಟ, ಮೇಜು ಗುದ್ದುವ ಸದ್ದು. ಮೂರನೆಯ ವಾರ ತಡೆಯಲಾರದೆ ಜಗಳ ಬಿಡಿಸಲು ಹೋದೆ. ಇಬ್ಬರೂ ಎದುರುಬದುರು ಕುಳಿತಿದ್ದರು, ನಡುವೆ ಒಂದು ಪುಸ್ತಕ.

"ಜಗಳವಲ್ಲ ಬೆಹೆನ್, ಓದ್ತಿದ್ದೇವೆ," ಎಂದರು ಒಬ್ಬರು, ಅವರೇ ಮಾಸ್ತರರು. ಅವರಲ್ಲಿ ಧರ್ಮಗ್ರಂಥವನ್ನು ಜೋಡಿಯಾಗಿ ಓದುವುದು ರೂಢಿ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಸುಮ್ಮನೆ ಒಪ್ಪಬಾರದು. "ಒಪ್ಪಿಬಿಟ್ಟರೆ ಓದು ನಿಂತಿತು."

ಸಂಜೆ ಅದೇ ಕೋಣೆಯಲ್ಲಿ ಮಕ್ಕಳಿಗೆ ಹೀಬ್ರೂ ಅಕ್ಷರ ಕಲಿಸುತ್ತಿದ್ದರು. ಒಂದೊಂದೇ ಕುಟುಂಬ ಇಸ್ರೇಲಿಗೆ ಹೊರಟು ಮಕ್ಕಳು ಖಾಲಿಯಾದರು. ಕೊನೆಗೆ ಜೊತೆಗಾರನೂ ಅಲ್ಲಿರುವ ಮಗನ ಬಳಿಗೆ ಹೋದ. ಗೋಡೆಯಾಚೆಯ ಮೌನ ನನಗೇ ಕಷ್ಟವಾಯಿತು. ಒಂದು ಭಾನುವಾರ ಮಾಸ್ತರರು ನಮ್ಮ ಬಾಗಿಲಿಗೆ ಬಂದರು.

"ಬಾ ಬೆಹೆನ್, ಜಗಳ ಮಾಡು."

"ನಾನು ಓದಿದ್ದು ಏಳನೇ ಕ್ಲಾಸು."

"ಪ್ರಶ್ನೆ ಕೇಳೋಕೆ ಅದೇ ಜಾಸ್ತಿ."

ಹೋಗಿ ಎದುರು ಕುಳಿತೆ, ಪ್ರತಿ ಭಾನುವಾರ ನಮ್ಮಿಬ್ಬರ ಓದು ಶುರುವಾಯಿತು. ಮಂದಿರದ ಸೆಕ್ರೆಟರಿಗೆ ಆ ಕೋಣೆ ಸಮಾರಂಭದ ಪಾತ್ರೆ ಇಡಲು ಬೇಕಿತ್ತು. ಒಂದು ದಿನ ಬಂದು ಕೇಳಿದರು: "ದೊಡ್ಡ ಹುಡುಗರು ಓದಿದರೆ ಯೆಶಿವಾ, ಮದುವೆಯಾದವರು ಓದಿದರೆ ಕೊಲೆಲ್. ಇದೇನು ಮಾಸ್ತರ್?"

"ಚಿಕ್ಕ ಮಕ್ಕಳ ಪಾಠಶಾಲೆ, ಹೇಡರ್. ಹಾಗೆಂದರೆ ಕೋಣೆ, ಅಷ್ಟೆ. ಕೋಣೆ ಇದೆಯಲ್ಲ."

"ಇವರು ನಮ್ಮವರಲ್ಲ. ಇವರಿಗೆ ಕಲಿಸ್ತೀರಾ?"

"ಕೇಳೋದು ಅವಳು, ಉತ್ತರ ಹುಡುಕೋದು ನಾನು. ವಿದ್ಯಾರ್ಥಿ ಯಾರು, ನೀವೇ ಹೇಳಿ. ಪ್ರಾರ್ಥನೆಗೆ ಹತ್ತು ಗಂಡಸರು ಬೇಕು, ಓದಿಗೆ ಇಬ್ಬರು ಸಾಕು. ಬೀಗ ಹಾಕೋದಾದರೆ ನಮ್ಮನ್ನು ಒಳಗಿಟ್ಟು ಹಾಕಿ."

ಹೊಲದ ಮೂಲೆಯನ್ನು ಕೊಯ್ಯದೆ ಬಡವರಿಗೆ ಬಿಡಬೇಕು ಎಂಬ ನಿಯಮ ಓದಿದ ದಿನ ನಾನು ಕೇಳಿದೆ: "ನಮ್ಮೂರಲ್ಲಿ ಗುಡ್ಡದ ಬುಡದ ಗದ್ದೆಗಳು ದುಂಡಗಿರ್ತಾವೆ. ಅಲ್ಲಿ ಮೂಲೆ ಎಲ್ಲಿ?"

ಮಾಸ್ತರರು ಮೇಜು ಗುದ್ದಿದ ರಭಸಕ್ಕೆ ಚಹಾ ಚೆಲ್ಲಿತು. ಅಷ್ಟು ಖುಷಿ. ಅಂದೇ ಜೊತೆಗಾರನಿಗೆ ಕಾಗದ ಬರೆದರು.

ಉತ್ತರ ಬರುವ ಮೊದಲೇ ಅವರು ತೀರಿಕೊಂಡರು. ಮಣ್ಣು ಮಾಡುವಾಗ ನಾನು ದೂರ ನಿಂತಿದ್ದೆ. ಅಳು ಬರಲಿಲ್ಲ. ಭಾನುವಾರ ಬಂದಾಗ ಬಂತು.

ಎಂಟನೆಯ ದಿನ ಸೆಕ್ರೆಟರಿ ಬೀಗದ ಕೈ ಕೇಳಲು ಬಂದರು. ಮಾಸ್ತರರು ಅದನ್ನು ನನ್ನ ಬಳಿ ಬಿಟ್ಟಿದ್ದರು. ಅದೇ ಬೆಳಿಗ್ಗೆ ಇಸ್ರೇಲಿನಿಂದ ಜೊತೆಗಾರನ ಕಾಗದ ಬಂದಿತ್ತು, ಅವರ ಮನೆಮಾತಾದ ಮರಾಠಿಯಲ್ಲಿ. "ಇದನ್ನು ಓದಿ ಹೇಳಿ, ಕೊಡ್ತೇನೆ," ಎಂದು ಕೋಣೆ ತೆರೆದೆ. ಅವರು ನಿಂತೇ ಓದಿದರು.

"ನಿನ್ನ ಪಕ್ಕದ ಮನೆಯವಳ ಪ್ರಶ್ನೆಗೆ ಇಲ್ಲಿಯ ಓದುಮನೆಯಲ್ಲಿ ಎರಡು ವಾರ ಜಗಳ. ಕಡೆಗೆ ಹೀಗೆಂದರು: ಕೊಯ್ಲು ಎಲ್ಲಿ ಮುಗಿಯುವುದೋ ಅಲ್ಲೇ ಮೂಲೆ."

"ಉತ್ತರ ಸಿಕ್ಕಿತಲ್ಲ," ಎಂದು ಸೆಕ್ರೆಟರಿ ಕೈ ಚಾಚಿದರು.

ನಾನು ಪರರೆದುರು ದನಿ ಎತ್ತಿದವಳಲ್ಲ. ಅಂದು ಮಾಸ್ತರರ ಮೇಜನ್ನು ಗುದ್ದಿದೆ. ಕೈ ಉರಿಯಿತು.

"ನಾನು ಒಪ್ಪೋದಿಲ್ಲ. ಕೊಯ್ಲು ಮುಗೀತು ಅಂತ ಯಾರು ಹೇಳಬೇಕು?"

"ಯಾರು ಅಂದರೆ, ಹೊಲದ ಯಜಮಾನ."

"ಯಾಕೆ? ಮೂಲೆ ಅವನದಲ್ಲವಲ್ಲ."

ಸೆಕ್ರೆಟರಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಎದುರಿನ ಕುರ್ಚಿ ಎಳೆದುಕೊಂಡರು.