ಧೂಳಪ್ಪನವರ ಪಾರಾ

1988ರ ಡಿಸೆಂಬರ್ 11, ಭಾನುವಾರ, ಬೆಳಿಗ್ಗೆ 7.20. ಆಳಂದ.

ಧೂಳಪ್ಪನವರ ಮುಖ ನೋಡುವ ಮೊದಲೇ ನಾನು ಅವರ ಕೈಯ ಸದ್ದು ಕೇಳಿದ್ದೆ. ದಿನಾ ಬೆಳಿಗ್ಗೆ ಆರೂವರೆಗೆ ನಮ್ಮಿಬ್ಬರ ಮನೆಗಳ ನಡುವಿನ ಗೋಡೆಯಾಚೆ ಚಹಾದ ಕಪ್ಪು ಅದರಡಿಯ ತಟ್ಟೆಗೆ, ಇಲ್ಲಿಯವರ ಬಸಿಗೆ, ಬಡಿಯುತ್ತಿತ್ತು. ಟಕಟಕಟಕ. ನಿಲ್ಲುವುದು, ಮತ್ತೆ ಟಕಟಕ. ಯಾರೋ ಒಳಗೆ ಬಿಡಿರೆಂದು ಮೆಲ್ಲಗೆ ಬಾಗಿಲು ತಟ್ಟಿದ ಹಾಗೆ.

ನಾನು ನರೋಣಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. 1986ರ ಜೂನ್‌ನಲ್ಲಿ ಆಳಂದದ ಈ ಮನೆಗೆ ಬಾಡಿಗೆಗೆ ಬಂದೆ. ಎಣಿಸುವುದು ನನ್ನ ಚಟ. ಬಸ್ಸು ಎಷ್ಟು ನಿಮಿಷ ತಡ, ಸೀಮೆಸುಣ್ಣ ಎಷ್ಟು ತುಂಡು ಖರ್ಚು, ಎಲ್ಲವೂ ದಿನಚರಿಯಲ್ಲಿದೆ. ಆ ಸದ್ದನ್ನೂ ಬರೆಯತೊಡಗಿದೆ. ಮೊದಲ ವಾರ ಒಂದು ಚಹಾಕ್ಕೆ ಸರಾಸರಿ ಮೂವತ್ತೆಂಟು ಬಡಿತ.

ಧೂಳಪ್ಪನವರಿಗೆ ಆಗ ಐವತ್ತು ದಾಟಿತ್ತು. ತೆಳ್ಳಗಿನ ದೇಹ, ಒಗೆದ ಧೋತರ, ಒಸಡಿನಂಚಿನಲ್ಲಿ ಒಂದು ಕಪ್ಪು ಗೆರೆ. ಸೊಲ್ಲಾಪುರದ ಅಂಗಡಿಯೊಂದರಲ್ಲಿ ಕೆಲಸ ಕಲಿತವರು. ಪಾದರಸ ಇರುವ ಯಾವ ಉಪಕರಣ ಕೆಟ್ಟರೂ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಅವರನ್ನೇ ಕರೆಯುತ್ತಿದ್ದರು: ದವಾಖಾನೆಯ ಬಿ.ಪಿ. ಯಂತ್ರ, ಶಾಲೆಯ ವಾಯುಭಾರಮಾಪಕ, ಹತ್ತಿ ಜಿನ್ನಿನ ಒತ್ತಡ ನೋಡುವ ಕೊಳವೆ. ಅವರು ಪಾದರಸ ಎನ್ನುತ್ತಿರಲಿಲ್ಲ, ಪಾರಾ ಎನ್ನುತ್ತಿದ್ದರು. ಅದನ್ನು ತುಂಬಿದ ಕಬ್ಬಿಣದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟು ಬಸ್ಸು ಹತ್ತುತ್ತಿದ್ದರು. ಒಮ್ಮೆ ಚೀಲ ಸರಿಸಲು ಹೋದ ಕಂಡಕ್ಟರ್ ಬೆನ್ನು ಹಿಡಿದುಕೊಂಡ.

"ಏನ್ರಿ ಕಾಕಾ, ಕಲ್ಲ ತುಂಬೀರೇನು?"

"ಕಲ್ಲ ಆಗಿದ್ರ ಹಗುರ ಇರ್ತಿತ್ತಪಾ."

ಆ ಜುಲೈನಲ್ಲಿ ನಮ್ಮ ಶಾಲೆಯ ವಾಯುಭಾರಮಾಪಕ ಸರಿಮಾಡಲು ಬಂದರು. ಕೊಳವೆಯ ಪಾದರಸಕ್ಕೆ ಕಿಲುಬು ಹಿಡಿದಿತ್ತು. ಬಟ್ಟಲಿಗೆ ಸುರಿದು, ಅದರ ಮೇಲೆ ಒಂದು ಕಬ್ಬಿಣದ ನಟ್ಟು ಬಿಟ್ಟರು. ಅದು ಮುಳುಗದೆ ತೇಲಿತು. ಮಕ್ಕಳು ಉಸಿರು ಹಿಡಿದರು.

"ಹೆದರಬ್ಯಾಡ್ರಿ. ಇದರಾಗ ಇಳಿಸಿದ್ರ ನಿಮ್ಮ ಹೆಡ್‌ಮಾಸ್ತರ್ ಸೈತ ತೇಲ್ತಾರ."

ಮಕ್ಕಳು ನಕ್ಕದ್ದಕ್ಕೆ ಅವರೇ ಬೆಚ್ಚಿಬಿದ್ದು ತುಟಿಗೆ ಬೆರಳಿಟ್ಟರು. ಆಮೇಲೆ ನನಗೊಬ್ಬಳಿಗೇ ಕೇಳುವಂತೆ ಹೇಳಿದರು: "ಪಾರಾ ಇದ್ದ ಕೋಲ್ಯಾಗ ಗಟ್ಟಿ ಮಾತಾಡಬಾರ್ದ್ರಿ ಅಕ್ಕೋರ. ಅದು ಕೇಳಸ್ಕೋತದ."

ತಮಾಷೆ ಎಂದುಕೊಂಡೆ. ಆದರೆ ಮನೆಯಲ್ಲೂ ಅವರು ಪಿಸುಮಾತಿನಲ್ಲೇ ಇದ್ದರು. ಯಾರಾದರೂ ಬಂದರೆ ಬಾಗಿಲ ಹಿಂದೆ ಸರಿದು ನಿಲ್ಲುತ್ತಿದ್ದರು. ಮೊದಲು ಹೀಗಿರಲಿಲ್ಲ, ಕಟ್ಟೆಯ ಮೇಲೆ ಕೂತು ಓಣಿಯನ್ನೆಲ್ಲ ನಗಿಸುತ್ತಿದ್ದರು ಎಂದು ಹೆಂಡತಿ ನೀಲಮ್ಮ ಹೇಳುತ್ತಿದ್ದರು.

ಅವರ ಕೆಲಸ ನಡೆಯುತ್ತಿದ್ದದ್ದು ಮುಂದಿನ ಕೋಣೆಯಲ್ಲಿ, ಅವರ ಮಾತಿನ ಕೋಲಿಯಲ್ಲಿ, ಶಹಾಬಾದಿ ಫರಸಿ ಕಲ್ಲಿನ ನೆಲದ ಮೇಲೆ. ಕೊಳೆಯಾದ ಪಾದರಸವನ್ನು ತೆಳು ಚರ್ಮದಲ್ಲಿ ಕಟ್ಟಿ ಹಿಂಡಿದರೆ, ಚರ್ಮದ ಸೂಕ್ಷ್ಮ ತೂತುಗಳಿಂದ ಬೆಳ್ಳಿಯ ಸಣ್ಣ ಮಳೆ ಸುರಿಯುತ್ತಿತ್ತು. ನೆಲಕ್ಕೆ ಸಿಡಿದ ಹನಿಗಳು ಉರುಳಿ ಕಲ್ಲಿನ ಸಂದು ಸೇರುತ್ತಿದ್ದವು. "ಹೋದದ್ದು ಹೋತು" ಎನ್ನುತ್ತಿದ್ದರು. ಗಂಡ ಹೆಂಡತಿ ಮಲಗುತ್ತಿದ್ದದ್ದೂ ಅದೇ ಕೋಲಿಯಲ್ಲಿ.

ನವೆಂಬರ್‌ನ ಒಂದು ಬೆಳಿಗ್ಗೆ ನೀಲಮ್ಮ ನನ್ನ ಬಾಗಿಲಿಗೆ ಬಂದರು. ಸೆರಗಿನ ಮರೆಯಿಂದ ತಾಳಿ ತೆಗೆದು ತೋರಿಸಿದರು. ಬಂಗಾರದ ತಾಳಿ ಬೂದಿ ಬಣ್ಣಕ್ಕೆ ತಿರುಗಿತ್ತು.

"ನಿನ್ನಿ ಹಳದಿ ಇತ್ರಿ ಅಕ್ಕೋರ. ಕಸಾ ಹೊಡದು ಎದ್ದು ನೋಡ್ತೇನಿ, ಹಿಂಗ. ಅವರಿಗೇನರೆ ಆಗ್ತದೇನ್ರಿ?"

ಧೂಳಪ್ಪನವರು ಹೊರಗೆ ಬಂದು ನೋಡಿ ಅಪರೂಪಕ್ಕೆ ನಕ್ಕರು. "ಏ ಹುಚ್ಚಿ, ನನಗೇನಾಗ್ತದ ಬೇ? ಬಾಗಿ ಕಸಾ ಹೊಡಿಯಾಗ ಸಂದಿನ್ಯಾಗಿನ ಪಾರಾ ತಾಳಿಗಿ ಹತ್ತ್ಯಾದ. ಕಾಸಿದ್ರ ಹೋಗ್ತದ."

ಕೋಲಿಯಲ್ಲೇ ಸ್ಟೋವ್ ಹಚ್ಚಿ, ಚಳಿಯೆಂದು ಕಿಟಕಿ ಮುಚ್ಚಿ, ತಾಳಿಯನ್ನು ಇಕ್ಕಳದಲ್ಲಿ ಹಿಡಿದು ಕಾಸಿದರು. ಬಿಳುಪು ಮೆಲ್ಲಗೆ ಹೋಗಿ ಬಂಗಾರ ಹೊಳೆಯಿತು. ನೀಲಮ್ಮ ಕೈಮುಗಿದರು. ನಾನೂ ಒಳಗೆ ನಿಂತು ನೋಡಿ ಮೆಚ್ಚಿದೆ. ಪಾದರಸ ಆವಿಯಾಗುತ್ತದೆ ಎಂದು ತರಗತಿಯಲ್ಲಿ ಹೇಳಿಕೊಡುವವಳು ನಾನು, ಆ ಆವಿ ಎಲ್ಲಿಗೆ ಹೋಯಿತೆಂದು ಕೇಳಲಿಲ್ಲ. ಆ ಚಳಿಗಾಲ ತಾಳಿ ಇನ್ನೂ ನಾಲ್ಕು ಸಲ ಬಿಳುಚಿತು. ನಾಲ್ಕು ಸಲವೂ ಕಾಸಿದರು.

1987ರ ಜನವರಿ 13ರಂದು ಧೂಳಪ್ಪನವರು ಜೇವರ್ಗಿಗೆ ಹೋದರು. ಬಸ್‌ ನಿಲ್ದಾಣದವರೆಗೆ ನಾನೂ ಜೊತೆಗಿದ್ದೆ. ಮರುದಿನ ಬೆಳಿಗ್ಗೆ ಆರೂವರೆಗೆ ಪೆನ್ಸಿಲ್ ಹಿಡಿದು ಕೂತ ಮೇಲೆ, ಇವತ್ತು ಎಣಿಸುವುದೇನೂ ಇಲ್ಲ ಎಂದು ನೆನಪಾಯಿತು.

ಗೋಡೆಯಾಚೆ ಕಪ್ಪು ಬಡಿಯಿತು. ಟಕಟಕಟಕ.

ಎದ್ದು ಹೋಗಿ ಅವರ ಬಾಗಿಲು ತಳ್ಳಿದೆ. ನೀಲಮ್ಮ ಒಬ್ಬರೇ ಕೂತಿದ್ದರು. ಎರಡೂ ಕೈಯಲ್ಲಿ ಬಸಿ ಹಿಡಿದಿದ್ದರೂ ಚಹಾ ತುಳುಕುತ್ತಿತ್ತು.

"ನಿದ್ದಿ ಇಲ್ರಿ. ಬಾಯಾಗ ತಾಮ್ರದ ಬಿಲ್ಲಿ ಇಟ್ಟಂಗ ಆಗ್ತದ. ಇಷ್ಟ ವರ್ಷ ಬಾಳೇ ಮಾಡಿದ್ದಕ್ಕ ಗಂಡನ ಕೈ ನಿನಗ ಬಂದದ ಅಂತ ನಮ್ಮಕ್ಕ ನಗ್ತಾಳ."

ಅಂದು ಸಂಕ್ರಾಂತಿ, ಶಾಲೆಗೆ ರಜೆ. ದಿನಚರಿಯ ಏಳು ತಿಂಗಳ ಲೆಕ್ಕವನ್ನು ಒಂದೇ ಹಾಳೆಗೆ ಇಳಿಸಿದೆ. ಧೂಳಪ್ಪನವರು ಊರೂರು ತಿರುಗಿ ಬಂದ ಮರುದಿನ ಎಣಿಕೆ ಇಳಿದಿತ್ತು. ಮನೆಯಲ್ಲಿ ಉಳಿದ ವಾರ ಏರಿತ್ತು. ಕಿಟಕಿ ಮುಚ್ಚಿದ ತಿಂಗಳುಗಳಲ್ಲಿ ಎಪ್ಪತ್ತು ದಾಟಿತ್ತು. ವಯಸ್ಸಿನ ನಡುಕ ಎಂದುಕೊಂಡಿದ್ದೆ. ನಡುಕ ಇದ್ದದ್ದು ಆ ಕೋಲಿಯಲ್ಲಿ, ಅಲ್ಲಿನ ಪಾದರಸದ ಆವಿಯಲ್ಲಿ.

18ರ ಭಾನುವಾರ ಹಾಳೆಯನ್ನು ಅವರ ಮುಂದಿಟ್ಟೆ. ಸಾಲಿನಿಂದ ಸಾಲಿಗೆ ಬೆರಳಿಟ್ಟು ಓದಿದರು.

"ನನಗ ಆಗೂದು ಗೊತ್ತಿತ್ರಿ. ಸೊಲ್ಲಾಪುರದಾಗ ನಮ್ಮ ಉಸ್ತಾದನ ಕೈಯೂ ಹಿಂಗ ಇದ್ವು. ಕಸುಬಿನ ಕೈ ಅಂತಿದ್ವಿ." ಬೆರಳು ಕೊನೆಯ ಸಾಲಿನ ಮೇಲೆ ನಿಂತಿತು. "ಇದು ಯಾರ್ದ್ರಿ? ಹದಿನಾಲ್ಕನೇ ತಾರೀಖ ನಾ ಇರ್ಲಿಲ್ಲಲ್ಲ."

"ನೀಲಮ್ಮನವರದು."

ಅವರು ಹಾಳೆ ಮಡಚಿಟ್ಟು ಎದ್ದರು. ಅಂದೇ ನೀಲಮ್ಮನನ್ನು ಸರಸಂಬಾದ ಅಕ್ಕನ ಮನೆಗೆ ಕಳಿಸಿದರು. ಮರುದಿನ ಕದ, ಕಿಟಕಿ ತೆರೆದಿಟ್ಟು ಹಾರೆಯಿಂದ ಫರಸಿ ಎಬ್ಬಿಸಿದರು. ನಾನು ಅಂಗಳದಲ್ಲಿ ನಿಂತು ನೋಡಿದೆ. ಕಲ್ಲಿನಡಿಯ ಸುಣ್ಣದಲ್ಲಿ ಸಾವಿರಾರು ಸಣ್ಣ ಬಿಳಿ ಕಣ್ಣುಗಳು. ದಪ್ಪ ಕಾಗದದಿಂದ ಒತ್ತಿದಂತೆ ಒಂದನ್ನೊಂದು ಕಂಡು ಓಡಿಬಂದು ಕೂಡುತ್ತಿದ್ದವು.

"ನೋಡ್ರಿ, ಕರದ್ರ ಬರ್ತಾವು."

ಐದು ದಿನ ಆಯಿತು. ಎರಡು ಬಾಟಲಿ ತುಂಬಿದವು.

"ಎಲ್ಲಾ ಬಂತೇನ್ರಿ?" ಎಂದು ಕೇಳಿದೆ.

"ಪಾರಾ ಎಲ್ಲಾ ಬಂತು ಅನ್ನಾಕ ಬರಂಗಿಲ್ರಿ. ಆಕೀನ ಈ ಮನಿಗಿ ಬಿಡಬ್ಯಾಡ್ರಿ."

24ರ ಶನಿವಾರ, ಬೆಳಿಗ್ಗೆ 8.10ರ ಬಸ್ಸು. ಚೀಲ ಹತ್ತಿಸಲು ಹೋದ ನನ್ನ ಕೈಯನ್ನು ಸರಿಸಿದರು. ಎಲ್ಲಿಗೆಂದರೆ, "ಮನಷ್ಯಾರು ಮಲಗದ ಕಡೆ" ಎಂದರು. ಮತ್ತೆ ಬರಲಿಲ್ಲ.

ಅಫಜಲಪುರದಲ್ಲಿ ಇಳಿದದ್ದನ್ನು ಕಂಡಕ್ಟರ್ ನೋಡಿದ್ದಾನೆ. ಮೂರು ದಿನದ ಮೇಲೆ ಜೇವರ್ಗಿಯ ದವಾಖಾನೆಗೆ ಹೋಗಿ, ರಿಪೇರಿಗೆ ತಂದಿದ್ದ ಬಿ.ಪಿ. ಯಂತ್ರವೊಂದನ್ನು ಹಿಂದಿರುಗಿಸಿದ್ದಾರೆ. ಅಲ್ಲಿನ ಕಂಪೌಂಡರನ ಹತ್ತಿರ ಒಂದೇ ಮಾತು ಕೇಳಿದರಂತೆ: "ಊರ ಹೊರಗ, ಸಂದಿಲ್ಲದ ನೆಲದ್ದು, ಒಬ್ಬನ ಇರಾಕ ಒಂದು ಕೋಲಿ ಸಿಗ್ತದೇನ್ರಿ?" ಅಂದರೆ ಅವರು ಆ ಪಾರಾವನ್ನು ಎಲ್ಲಿಯೂ ಚೆಲ್ಲಿಲ್ಲ. ಬೇರೆ ಯಾರಿಗೂ ಸಿಗದ ಹಾಗೆ ತಾವೇ ಕಾಯುತ್ತ ಕೂತಿದ್ದಾರೆ ಎಂದು ನನಗನ್ನಿಸುತ್ತದೆ. ಆ ಹಾಳೆ ಬರೆದು ಕೊಟ್ಟವಳು ನಾನು.

ನೀಲಮ್ಮ ಸರಸಂಬಾದಲ್ಲೇ ಇದ್ದಾರೆ. ಆ ವರ್ಷದ ಹೋಳಿಗೆ ನಾನು ಹೋದಾಗ ಅವರ ಎಣಿಕೆ ಹನ್ನೊಂದಕ್ಕೆ ಇಳಿದಿತ್ತು. ಈಗ ಸೊನ್ನೆ.

ಇದನ್ನು ಓದುವವರಲ್ಲಿ ಯಾರಾದರೂ ಜೇವರ್ಗಿ ಕಡೆ ಅಂಥ ಕೋಲಿಯನ್ನು ತೆಳ್ಳಗಿನ, ಪಿಸುಮಾತಿನ ಒಬ್ಬರಿಗೆ ಬಾಡಿಗೆ ಕೊಟ್ಟಿದ್ದರೆ, ಅಥವಾ ನೋಡಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಮೊದಲು ಕದ, ಕಿಟಕಿ ತೆರೆದು ಗಾಳಿ ಆಡಲು ಬಿಡಿ. ನೆಲ ಗುಡಿಸಬೇಡಿ, ಮಕ್ಕಳನ್ನು ಒಳಗೆ ಬಿಡಬೇಡಿ. ಅವರು ಇದ್ದರೆ, ನೀಲಮ್ಮನ ಕೈ ನಿಂತಿದೆ, ಇನ್ನು ಕಾಯುವುದು ಬೇಡ ಎಂದು ಹೇಳಿ ಹೊರಗೆ ಕರೆದುಕೊಂಡು ಬನ್ನಿ. ಅವರೇ ಉಳಿದಿಲ್ಲದಿದ್ದರೆ, ಆ ತಾರೀಖು ಬರೆದು ಕಳಿಸಿ.