ಹೊಸ ಫೋನು ಮತ್ತು ನನ್ನ ಬಲಗಿವಿ

ಹೋದ ಚಳಿಗಾಲದಲ್ಲಿ ನನ್ನ ಬಲಗಿವಿ ಮಂದವಾಗತೊಡಗಿತು. ಮೊದಲು ಕುಕ್ಕರ್ ವಿಶಿಲ್ ಪಕ್ಕದ ಮನೆಗೆ ಹೋದಂತಾಯಿತು. ಆಮೇಲೆ ಆ ಕಿವಿಗೆ ಫೋನು ಹಿಡಿದರೆ ತಂಗಿಯ ಮಾತು ಬರೀ ಗೊಣಗಾಟ. ನಮ್ಮಮ್ಮನಿಗೆ ಐವತ್ತು ದಾಟುವ ಮೊದಲೇ ಎರಡೂ ಕಿವಿ ಹೋಗಿದ್ದವು. ನನಗೆ ಭಯವಾಗಿತ್ತು. ಡಾಕ್ಟರ ಹತ್ತಿರ ಒಬ್ಬಳೇ ಹೋಗುವ ಧೈರ್ಯ ಬರಲಿಲ್ಲ. ನನ್ನ ಗಂಡ ಜೊತೆಗೆ ಬರಬೇಕು, ಅಷ್ಟೇ ಬೇಕಾಗಿತ್ತು.

ಸರಿಯಾಗಿ ಅದೇ ವಾರ ಅವರು ಹೊಸ ಫೋನು ತಂದರು. ಸಹಕಾರನಗರದ ನಮ್ಮ ಪುಟ್ಟ ಹಾಲಿನಲ್ಲಿ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಒಂದು ಭಾಷಣ ಬೇರೆ. "ಹಳೇದು ಬರೀ ತಲೆ ತಿಂತಿತ್ತು ಕಣೇ. ಇದ್ರಲ್ಲಿ ಫೋಕಸ್ ಮೋಡ್ ಇದೆ. ಏಳು ಗಂಟೆ ಆದ್ರೆ ಸ್ಕ್ರೀನೇ ಬ್ಲಾಕ್ ಅಂಡ್ ವೈಟ್ ಆಗೋಗುತ್ತೆ. ಇನ್ಮೇಲೆ ಸಾಯಂಕಾಲ ಪೂರ್ತಿ ನಿಂಗೇ."

ನನಗೇ ಅಂತೆ! ಏಳಾಯಿತೇ, ಬಣ್ಣ ಹೋಯಿತೇ ಎಂದು ಆರೂವರೆಯಿಂದಲೇ ನೋಡುತ್ತಿದ್ದರು. ಹೋದ ಮೇಲೆ, ಸರಿಯಾಗಿ ಹೋಗಿದೆಯೇ ಎಂದು ನೋಡುತ್ತಿದ್ದರು. ಊಟಕ್ಕೆ ಕೂತರೆ, "ನೋಡು, ನಿನ್ನೆಗಿಂತ ಇವತ್ತು ಕಮ್ಮಿ ನೋಡಿದೀನಂತೆ" ಎಂದು ಅದರಲ್ಲೇ ಓದಿ ತೋರಿಸುತ್ತಿದ್ದರು.

"ಈಗ ಓದಿದ್ದನ್ನೂ ಸೇರಿಸ್ಕೊಳ್ತಂತಾ?" ಎಂದೆ.

"ನಿಂಗೆ ಎಲ್ಲಾದ್ರಲ್ಲೂ ಕೊಂಕು" ಎಂದರು. ನಿಜ ಹೇಳಬೇಕೆಂದರೆ, ಹಳೆಯ ಫೋನಿನ ಜೊತೆ ಅವರು ಬರೀ ಆಟ ಆಡುತ್ತಿದ್ದರು. ಇದರ ಜೊತೆ ಸಂಸಾರವನ್ನೇ ಶುರುಮಾಡಿದರು.

ಒಂದು ಸಂಜೆ ಸೋಫಾದಲ್ಲಿ ಅವರ ಪಕ್ಕ ಕೂತು ಸೊಪ್ಪು ಬಿಡಿಸುತ್ತಾ, "ರೀ, ಕಿವಿ ತೋರಿಸ್ಕೊಂಡ್ ಬರ್ಬೇಕು, ಜೊತೆಗೆ ಬರ್ತೀರಾ?" ಎಂದು ಕೇಳಿದೆ. ಉತ್ತರವಿಲ್ಲ. ಮರುದಿನವೂ ಕೇಳಿದೆ. ಇಲ್ಲ. ಅದರ ಮರುದಿನವೂ ಅಷ್ಟೇ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ನನಗೂ ಮಾನ ಮರ್ಯಾದೆ ಇದೆ, ಕೇಳುವುದನ್ನೇ ಬಿಟ್ಟೆ. ಬಚ್ಚಲಿನಲ್ಲಿ ನಲ್ಲಿ ತಿರುಗಿಸಿಕೊಂಡು ಅತ್ತೆ.

ಭಾನುವಾರ ಅವರೆಕಾಳು ಹಿದುಕುವುದಿತ್ತು. ನೆನೆಸಿದ ಕಾಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ಸಿಪ್ಪೆ ಬಿಡಿಸುವ ಈ ಕೆಲಸದಲ್ಲಿ ನಮ್ಮ ಮನೆಯ ಗಂಡಸರಿಗೂ ರಿಯಾಯಿತಿ ಇಲ್ಲ. ಸಾರು ಬೇಕಾದವರು ಹಿದುಕಬೇಕು. ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು, ಪಾತ್ರೆಯನ್ನು ನಡುವೆ ಇಟ್ಟುಕೊಂಡು, ಇಬ್ಬರೂ ಎದುರುಬದುರು ಕೂತೆವು. ಒದ್ದೆ ಕೈಗೆ ಫೋನು ಬಗ್ಗಲಿಲ್ಲ. ಪಂಚೆಗೆ ಒರೆಸಿಕೊಂಡು ಒತ್ತಿದರು; ಸುಕ್ಕುಗಟ್ಟಿದ ಬೆರಳನ್ನು ಅದು ಗುರುತೇ ಹಿಡಿಯಲಿಲ್ಲ. "ಥತ್" ಎಂದು ಎತ್ತಿ ಕಟ್ಟೆಯ ಮೇಲಿಟ್ಟರು.

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಫೋಕಸ್ಸಿಗೆ ಬೆಂಕಿ ಹಾಕ! ಕಿವಿ ಹೋಗ್ತಿದೆ, ಜೊತೆಗೆ ಬನ್ನಿ ಅಂತ ಹೆಂಡ್ತಿ ಬಾಯ್ಬಿಟ್ಟು ಕೇಳಿದ್ರೂ ಒಂದ್ ಉತ್ತರ ಇಲ್ವಲ್ರೀ!"

ಅವರು ತಲೆಯೆತ್ತಿ ನನ್ನನ್ನೇ ನೋಡಿದರು. "ಕೊಟ್ನಲ್ಲೇ! ಶನಿವಾರ ರಜೆ ಹಾಕ್ತೀನಿ, ಹೋಗೋಣ ಅಂತ. ನೀನ್ ಕೇಳ್ದಾಗೆಲ್ಲ ಹೇಳ್ದೆ. ನೀನೇ ಮುಖ ಊದಿಸ್ಕೊಂಡು ಎದ್ದ್ ಹೋದೆ. ಫೋನ್ ತಂದಿದ್ದಕ್ಕೆ ಕೋಪ ಅಂದ್ಕೊಂಡು ನಾನೂ ಸುಮ್ನಾದೆ."

"ಯಾವಾಗ ಹೇಳಿದ್ರಿ?"

"ಸೋಫಾದಲ್ಲೇ. ನಿನ್ ಪಕ್ಕದಲ್ಲೇ ಕೂತು..." ಅಲ್ಲಿಗೆ ನಿಲ್ಲಿಸಿದರು. "ಯಾವ್ ಕಿವಿ ಅದು?"

ಬಲಗಿವಿ ಮುಟ್ಟಿ ತೋರಿಸಿದೆ. ಸೋಫಾದಲ್ಲಿ ಚಾರ್ಜರ್ ಇರುವ ಮೂಲೆಯೇ ಅವರ ಜಾಗ, ಅಲ್ಲಿ ಕೂತರೆ ಯಾವಾಗಲೂ ನನ್ನ ಬಲಕ್ಕೆ. ಸ್ಕ್ರೀನಿನಿಂದ ಕಣ್ಣು ಕೀಳದೆ, ಅದಕ್ಕೇ ಹೇಳಿದ ಹಾಗೆ ಮೆಲ್ಲಗೆ ಹೇಳಿರಬೇಕು. ಆದರೂ ಅಷ್ಟು ಹತ್ತಿರದ ಮಾತು! ಒಂದು ಸಲವಾದರೂ ಕೇಳಿಸಬೇಕಿತ್ತಲ್ಲ. ಇಷ್ಟೊಂದು ಹೋಗಿಬಿಟ್ಟಿದೆಯೇ? ಕೈಯಲ್ಲಿದ್ದ ಕಾಳು ನೆಲಕ್ಕೆ ಬಿತ್ತು.

ಅವರು ಕೂತಿದ್ದ ಮಣೆಯನ್ನು ಎತ್ತಿಕೊಂಡು, ಪಾತ್ರೆಯನ್ನು ಸುತ್ತಿ ಬಂದು, ನನ್ನ ಎಡಗಡೆ ಕೂತರು.

"ಇನ್ನೂ ಕೋಪಾನಾ?"

"ಕೋಪ ಅಲ್ಲ ರೀ, ಭಯ. ಅಮ್ಮನ ಹಾಗೇ ಆಗ್ಬಿಟ್ರೆ?"

ಸಮಾಧಾನ ಹೇಳುತ್ತಾರೆ, ಏನೂ ಆಗಲ್ಲ ಬಿಡೇ ಅನ್ನುತ್ತಾರೆ ಅಂದುಕೊಂಡೆ. ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದುಕೊಂಡು, "ನಂಗೂ ಭಯ ಆಗ್ತಿದೆ ಕಣೇ" ಎಂದರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.